ಎಡಗೈಯವರು ಎಲ್ಲಿ ಹೋದರು?

ಕಳೆದ ವರ್ಷ ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯಲ್ಲಿ ಒಂದು ಸಣ್ಣ ಪ್ರಸಂಗ ನಡೆಯಿತು. ಮೊದಲ ವರ್ಷದ ವಿದ್ಯಾರ್ಥಿಗಳು ತಿರುಪು ಮಾಪಕದಿಂದ, ಎಂದರೆ ನಾವೆಲ್ಲರೂ ಬಾಯಿಮಾತಿನಲ್ಲಿ ಸ್ಕ್ರೂಗೇಜು ಎಂದು ಕರೆಯುವ ಉಪಕರಣದಿಂದ, ತಂತಿಯೊಂದರ ವ್ಯಾಸವನ್ನು ಅಳೆಯುತ್ತಿದ್ದರು. ಈ ಉಪಕರಣದ ಚೌಕಟ್ಟನ್ನು ಎಡಗೈಯಲ್ಲಿ ಹಿಡಿದು, ತಿರುಪಿನ ತಲೆಯನ್ನು ಬಲಗೈ ಬೆರಳುಗಳಿಂದ ತಿರುಗಿಸುವುದು ವಾಡಿಕೆ. ಮೂಲೆಯ ಮೇಜಿನ ಬಳಿ ನಿಂತಿದ್ದ ಒಬ್ಬ ಹುಡುಗಿ ಮಾತ್ರ ಅದನ್ನು ಹಿಂದುಮುಂದಾಗಿ ಹಿಡಿದಿದ್ದಳು. ಅಂಕಿಗಳೆಲ್ಲವೂ ಅವಳಿಗೆ ತಲೆಕೆಳಗಾಗಿ ಕಾಣುತ್ತಿದ್ದುವು. “ಏನಮ್ಮ, ಇಷ್ಟು ದಿನವಾದರೂ ಉಪಕರಣ ಹಿಡಿಯುವುದನ್ನು ಕಲಿಯಲಿಲ್ಲವೆ?” ಎಂದು ನಾನು ಎಲ್ಲರೆದುರಿಗೇ ಗದರಿದೆ. ಅವಳು ಮಾತನಾಡದೆ ಕೈ ಬದಲಾಯಿಸಿದಳು. ಸಂಜೆ ದಾಖಲೆ ಪುಸ್ತಕಗಳನ್ನು ತಿದ್ದುವಾಗ ನೋಡಿದೆ: ಗದರಿಕೆಗೆ ಮೊದಲು ಅವಳು ತೆಗೆದಿದ್ದ ನಾಲ್ಕು ಅಳತೆಗಳು ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡಿದ್ದುವು, ಅನಂತರದ ಎರಡು ಎಲ್ಲಿಗೋ ಹೋಗಿದ್ದುವು.

ಮರುದಿನ ವಿಚಾರಿಸಿದಾಗ ಅವಳು ಹುಟ್ಟು ಎಡಗೈಯವಳೆಂದು ತಿಳಿಯಿತು. ಊಟದ ಕೈಯನ್ನು ಮನೆಯಲ್ಲಿ ಅಜ್ಜಿ ಬದಲಾಯಿಸಿದ್ದರಂತೆ. ಬರೆಯುವ ಕೈಯನ್ನು ಒಂದನೆಯ ತರಗತಿಯಲ್ಲಿ ಬದಲಾಯಿಸಿದರಂತೆ. “ಯಾರೂ ಹೇಳಿಕೊಡದ ಕೆಲಸಕ್ಕೆ ಮಾತ್ರ ಈಗಲೂ ಎಡಗೈಯೇ ಮುಂದಾಗುತ್ತದೆ, ಸರ್” ಎಂದಳು. ವರ್ಷವೆಲ್ಲ ಅವಳು ಬಲಗೈಯಿಂದ ಬರೆಯುವುದನ್ನು ಕಂಡಿದ್ದ ನನ್ನ ಲೆಕ್ಕದಲ್ಲಿ ಅವಳು ಬಲಗೈಯವಳೇ ಆಗಿದ್ದಳು. ಎಡಗೈಯವರನ್ನು ಎಣಿಸುವಾಗ ಹೀಗೆ ಎಷ್ಟು ಮಂದಿ ಎಣಿಕೆಗೆ ಸಿಕ್ಕದೆ ಹೋಗುತ್ತಿರಬಹುದು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ, ಲೆಕ್ಕ ತಪ್ಪಿದವನು ನಾನೊಬ್ಬನೇ ಅಲ್ಲವೆಂದು ಗೊತ್ತಾಯಿತು.

ಲೋಕದಲ್ಲಿ ಎಡಗೈಯವರ ಪ್ರಮಾಣವೆಷ್ಟು? ಹಲವು ದೇಶಗಳ ಹಿಂದಿನ ಸಮೀಕ್ಷೆಗಳನ್ನು ಒಟ್ಟುಗೂಡಿಸಿ, 20 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ನೂರಕ್ಕೆ 10ಕ್ಕಿಂತ ತುಸು ಹೆಚ್ಚು. ಸ್ತ್ರೀಯರಿಗಿಂತ ಪುರುಷರಲ್ಲಿ ಇದು ಸ್ವಲ್ಪ ಜಾಸ್ತಿ. ಕೈಗಳಲ್ಲಿನ ಈ ಭೇದ ಇಂದು ನಿನ್ನೆಯದಲ್ಲ. ನಿಯಾಂಡರ್ತಲ್ ಮಾನವನು ಮಾಂಸದ ತುಂಡನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕಲ್ಲಿನ ಚೂರಿಯಿಂದ ಕೊಯ್ಯುವಾಗ, ಚೂರಿ ಜಾರಿ ಮುಂಬಲ್ಲಿನ ಮೇಲೆ ಗೀರು ಬೀಳುತ್ತಿತ್ತು. ಆ ಗೀರಿನ ಓರೆಯನ್ನು ನೋಡಿ ಚೂರಿ ಹಿಡಿದ ಕೈ ಯಾವುದೆಂದು ಹೇಳಬಹುದು. ಬಹುಪಾಲು ಹಲ್ಲುಗಳು ಬಲಗೈಯನ್ನು ತೋರಿಸುವುವು. ಎಡಗೈಯನ್ನು ತೋರಿಸುವುವೂ ಕೆಲವು ಉಂಟು.

ಎಡಗೈ ಒಂದು ದುರಭ್ಯಾಸವೆಂದೂ, ಚಿಕ್ಕಂದಿನಲ್ಲಿ ಗಮನಿಸದೆ ಬಿಟ್ಟುದರ ಫಲವೆಂದೂ ತಿಳಿದವರು ಈಗಲೂ ಇದ್ದಾರೆ. ಬೆಲ್‌ಫಾಸ್ಟಿನ ವಿಜ್ಞಾನಿ ಪೀಟರ್ ಹೆಪ್ಪರ್ ಗರ್ಭದಲ್ಲಿರುವ ಶಿಶುಗಳನ್ನು ಶ್ರವಣಾತೀತ ತರಂಗಗಳ ಸಹಾಯದಿಂದ ನೋಡಿದರು. ಹತ್ತನೆಯ ವಾರದಲ್ಲಿಯೇ ಹೆಚ್ಚಿನ ಶಿಶುಗಳು ಬಲತೋಳನ್ನು ಎಡತೋಳಿಗಿಂತ ಹೆಚ್ಚಾಗಿ ಆಡಿಸುತ್ತಿದ್ದುವು. ಸ್ವಲ್ಪ ಬೆಳೆದ ಮೇಲೆ ಕೆಲವು ಬಲ ಹೆಬ್ಬೆರಳನ್ನೂ ಕೆಲವು ಎಡ ಹೆಬ್ಬೆರಳನ್ನೂ ಚೀಪುತ್ತಿದ್ದುವು. ಹೆಪ್ಪರ್ ಮತ್ತು ಸಂಗಡಿಗರು ಇಂಥ 75 ಮಕ್ಕಳನ್ನು ಹತ್ತು ಹನ್ನೆರಡು ವರ್ಷಗಳಾದ ಮೇಲೆ ಮತ್ತೆ ಹುಡುಕಿ ಪರೀಕ್ಷಿಸಿದರು. ಗರ್ಭದಲ್ಲಿ ಬಲ ಹೆಬ್ಬೆರಳನ್ನು ಚೀಪುತ್ತಿದ್ದ 60 ಮಕ್ಕಳೂ ಬಲಗೈಯವರಾಗಿಯೇ ಬೆಳೆದಿದ್ದರು. ಎಡ ಹೆಬ್ಬೆರಳಿನ 15 ಮಕ್ಕಳಲ್ಲಿ 10 ಮಂದಿ ಎಡಗೈಯವರಾಗಿದ್ದರು, 5 ಮಂದಿ ಬಲಗೈಯವರಾಗಿದ್ದರು. ಅಜ್ಜಿಯ ಗದರಿಕೆಯಾಗಲಿ ಉಪಾಧ್ಯಾಯರ ಬೆತ್ತವಾಗಲಿ ತಲಪದ ಸ್ಥಳದಲ್ಲಿ ಕೈಯ ಒಲವು ಆಗಲೇ ಮೊಳೆತಿರುವುದೆಂದಾಯಿತು.

ಹಾಗಾದರೆ ಇದು ಕೇವಲ ವಂಶಾನುಗತವೆ? ಹಾಗೆನ್ನಲೂ ಬಾರದು. ತಂದೆತಾಯಿಗಳಿಬ್ಬರೂ ಎಡಗೈಯವರಾಗಿದ್ದಾಗಲೂ ಮಗು ಎಡಗೈಯದಾಗುವ ಸಂಭವ ಸುಮಾರು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿಯೂ ಒಬ್ಬರು ಎಡ, ಇನ್ನೊಬ್ಬರು ಬಲ ಆಗಿರುವುದು ಅಪರೂಪವಲ್ಲ. 17 ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ಒಂದು ಅಧ್ಯಯನವು 2020ರಲ್ಲಿ ಎಡಗೈತನದೊಡನೆ ಸಂಬಂಧವುಳ್ಳ 41 ಸ್ಥಾನಗಳನ್ನು ನಮ್ಮ ವಂಶವಾಹಿಗಳಲ್ಲಿ ಗುರುತಿಸಿತು. ಒಂದೊಂದರ ಪ್ರಭಾವವೂ ಅತ್ಯಲ್ಪ. ಉಳಿದುದು ಭ್ರೂಣದ ಬೆಳವಣಿಗೆಯಲ್ಲಿ ಆಗುವ ಆಕಸ್ಮಿಕಗಳಿಗೆ ಸೇರಿದ್ದಿರಬೇಕು.

ಮಿದುಳಿನ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಬಹಳ ಹಬ್ಬಿದೆ. ಮಿದುಳಿನ ಎಡಭಾಗವು ದೇಹದ ಬಲಪಕ್ಕವನ್ನೂ ಬಲಭಾಗವು ಎಡಪಕ್ಕವನ್ನೂ ಆಳುವುದು ನಿಜ. ಮಾತಿನ ಶಕ್ತಿ ಸಾಮಾನ್ಯವಾಗಿ ಎಡಭಾಗದಲ್ಲಿ ನೆಲೆಸಿರುವುದೆಂದು ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ 1860ರ ದಶಕದಲ್ಲಿ ತೋರಿಸಿಕೊಟ್ಟನು. ಆದುದರಿಂದ ಎಡಗೈಯವರಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಾಣುವಂತೆ ಅದಲುಬದಲಾಗಿರಬೇಕೆಂದು ಬಹಳ ಕಾಲ ನಂಬಿದ್ದರು. ವಸ್ತುಸ್ಥಿತಿ ಹಾಗಿಲ್ಲ. ನೂರು ಮಂದಿ ಎಡಗೈಯವರಲ್ಲಿ ಸುಮಾರು 70 ಮಂದಿಗೆ ಮಾತು ಎಡಭಾಗದಲ್ಲಿಯೇ ಇದೆ, ಬಲಗೈಯವರಂತೆಯೇ. ಎಡಗೈಯವರೆಲ್ಲ ಹುಟ್ಟು ಕಲಾವಿದರು, ಮಹಾಪ್ರತಿಭಾವಂತರು ಎಂಬ ಹೊಗಳಿಕೆಗೂ ಇದರಿಂದ ಆಧಾರ ಸಿಕ್ಕುವುದಿಲ್ಲ. ಲಿಯೊನಾರ್ಡೊ ಡ ವಿಂಚಿ ಎಡಗೈಯವನೆಂಬುದಕ್ಕೆ ಅವನ ಚಿತ್ರಗಳ ಗೆರೆಯ ಓರೆಯೇ ಸಾಕ್ಷಿ. ಆದರೆ ಇಂಥ ಪಟ್ಟಿಗಳಲ್ಲಿ ಐನ್‌ಸ್ಟೈನರ ಹೆಸರನ್ನೂ ಸೇರಿಸುವುದುಂಟು. ಕರಿಹಲಗೆಯ ಮುಂದೆ ಅವರು ನಿಂತಿರುವ ಭಾವಚಿತ್ರಗಳಲ್ಲಿ ಸೀಮೆಸುಣ್ಣ ಬಲಗೈಯಲ್ಲಿದೆ. ಪಟ್ಟಿ ಮಾಡುವವರು ಅದನ್ನೊಮ್ಮೆ ನೋಡಬಹುದಾಗಿತ್ತು.

ಹೊಗಳಿಕೆ ಇತ್ತೀಚಿನದು, ತೆಗಳಿಕೆ ಪುರಾತನ. ಕನ್ನಡದಲ್ಲಿ ‘ಬಲ’ ಎಂದರೆ ಒಂದು ಪಕ್ಕ, ಶಕ್ತಿಯೂ ಹೌದು. ಮೊದಲನೆಯದು ದೇಶ್ಯ, ಎರಡನೆಯದು ಸಂಸ್ಕೃತ; ಆದರೆ ಕಿವಿಗೆ ಎರಡೂ ಒಂದೇ. ಕೆಟ್ಟುಹೋದ ಕೆಲಸ ‘ಎಡವಟ್ಟು’. ಸಂಸ್ಕೃತದ ‘ವಾಮ’ಕ್ಕೆ ಎಡವೆಂಬ ಅರ್ಥದೊಡನೆ ಪ್ರತಿಕೂಲವೆಂಬ ಅರ್ಥವೂ ಇದೆ. ಲ್ಯಾಟಿನ್ನಿನಲ್ಲಿ ಎಡಕ್ಕೆ ಹೇಳುವ ‘ಸಿನಿಸ್ಟರ್’ ಇಂಗ್ಲಿಷಿಗೆ ಬಂದು ಕೇಡಿನ ಸೂಚನೆಯಾಯಿತು. ಅರ್ಜುನನನ್ನು ಸವ್ಯಸಾಚಿ ಎಂದು ಹೊಗಳಿದರು, ಎಡಗೈಯಿಂದಲೂ ಬಾಣ ಬಿಡಬಲ್ಲನೆಂದು. ಎಡಗೈಯಿಂದ ಮಾತ್ರವೇ ಬಿಡುತ್ತಿದ್ದರೆ ಏನೆನ್ನುತ್ತಿದ್ದರೋ!

ಮಾತಿನ ಪೆಟ್ಟಿಗಿಂತ ವಸ್ತುಗಳ ಪೆಟ್ಟು ನಿತ್ಯದ್ದು. ಕತ್ತರಿಯನ್ನೇ ತೆಗೆದುಕೊಳ್ಳಿ. ಅದರ ಎರಡು ಅಲಗುಗಳು ಒಂದನ್ನೊಂದು ಒತ್ತಿಕೊಂಡು ಜಾರಿದರೆ ಮಾತ್ರ ಕಾಗದ ಕತ್ತರಿಸುವುದು. ನಾವು ಮುಷ್ಟಿಯನ್ನು ಮುಚ್ಚುವಾಗ ಹೆಬ್ಬೆರಳು ಹಿಡಿಯನ್ನು ನೇರವಾಗಿ ಅಮುಕುವುದಿಲ್ಲ; ತುಸು ಹೊರಕ್ಕೆ ತಳ್ಳುತ್ತದೆ. ಉಳಿದ ಬೆರಳುಗಳು ಇನ್ನೊಂದು ಹಿಡಿಯನ್ನು ಅಂಗೈಯ ಕಡೆಗೆ ಎಳೆಯುತ್ತವೆ. ಈ ಪಾರ್ಶ್ವಬಲವು ಬಲಗೈಯಲ್ಲಿ ಅಲಗುಗಳನ್ನು ಒಂದಕ್ಕೊಂದು ಒತ್ತುವಂತೆ ಕತ್ತರಿಯನ್ನು ಜೋಡಿಸಿರುತ್ತಾರೆ. ಅದೇ ಕತ್ತರಿಯನ್ನು ಎಡಗೈಗೆ ಕೊಟ್ಟರೆ ಬಲದ ದಿಕ್ಕು ತಿರುಗಿ ಅಲಗುಗಳ ನಡುವೆ ಕೂದಲೆಳೆಯಷ್ಟು ಸಂದು ಬೀಳುವುದು. ಕಾಗದ ಕತ್ತರಿಸದೆ ಮಡಿಸಿಕೊಳ್ಳುವುದು. ಇದರ ಮೇಲೆ, ಕತ್ತರಿಸಬೇಕಾದ ಗೆರೆಯನ್ನು ಮೇಲಿನ ಅಲಗು ಮರೆಮಾಡಿಬಿಡುವುದು. ಮಗುವಿಗೆ ‘ಕೈ ಸರಿಯಿಲ್ಲ’ ಎನ್ನುವರು. ಸರಿಯಿಲ್ಲದ್ದು ಕತ್ತರಿ; ಅಲಗುಗಳನ್ನು ಅದಲುಬದಲಾಗಿ ಜೋಡಿಸಿದ ಎಡಗೈಯ ಕತ್ತರಿಯಲ್ಲಿ ಅದೇ ಮಗು ಸಲೀಸಾಗಿ ಕತ್ತರಿಸುವುದು. ನಮ್ಮ ಅಡಿಗೆಮನೆಯ ಈಳಿಗೆಮಣೆ ಈ ವಿಷಯದಲ್ಲಿ ಹೆಚ್ಚು ಉದಾರಿ.

ತಿರುಪುಮೊಳೆಯ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. ಸಾಮಾನ್ಯ ತಿರುಪು ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಗಿಯಾಗುವುದು. ಅಂಗೈ ಮೇಲಾಗುವಂತೆ ಮುಂಗೈಯನ್ನು ಹೊರಳಿಸುವಾಗ ಮೇಲ್ತೋಳಿನ ದೊಡ್ಡ ಸ್ನಾಯುವಿನ ನೆರವು ಸಿಗುವುದರಿಂದ, ಆ ಹೊರಳಿಕೆಗೆ ಶಕ್ತಿ ಹೆಚ್ಚು. ಬಲಗೈಗೆ ಅದು ತಿರುಪನ್ನು ಬಿಗಿ ಮಾಡುವ ದಿಕ್ಕು. ಎಡಗೈಗೆ ಸಡಿಲಿಸುವ ದಿಕ್ಕು. ಬಿಗಿದು ಕೂತ ತಿರುಪನ್ನು ಬಿಚ್ಚಬೇಕಾದಾಗ ಎಡಗೈಯ ಗೆಳೆಯನನ್ನು ಕರೆಯಿರಿ.

ಬರವಣಿಗೆಯ ತೊಡಕು ಎಲ್ಲರಿಗೂ ಗೊತ್ತಿರುವುದೇ. ಕನ್ನಡ ಎಡದಿಂದ ಬಲಕ್ಕೆ ಸಾಗುವ ಲಿಪಿ. ಬಲಗೈ ಲೇಖನಿಯನ್ನು ಎಳೆದುಕೊಂಡು ಹೋಗುವುದು. ಎಡಗೈ ಅದನ್ನು ತಳ್ಳಿಕೊಂಡು ಹೋಗಬೇಕು. ಆಗತಾನೆ ಬರೆದ ಅಕ್ಷರಗಳ ಮೇಲೆಯೇ ಅಂಗೈ ಹಾಯುವುದರಿಂದ ಶಾಯಿ ಅಳಿಸುವುದು. ಪರೀಕ್ಷಾಮಂದಿರದ ಕುರ್ಚಿಗೆ ಬರೆಯುವ ಹಲಗೆ ಬಲಪಕ್ಕದಲ್ಲಿದ್ದರೆ ಎಡಗೈಯವರು ಮೂರು ಗಂಟೆಗಳ ಕಾಲ ಸೊಂಟ ತಿರುಚಿ ಕೂರಬೇಕು. ಈ ಕಷ್ಟಕ್ಕೆ ಪ್ರತಿಫಲವೆಂಬಂತೆ ನನ್ನ ವಿಷಯದಲ್ಲಿ ಅವರಿಗೊಂದು ಸಣ್ಣ ಲಾಭವಿದೆ. ಕಾಂತಕ್ಷೇತ್ರದ ಲೆಕ್ಕಗಳಲ್ಲಿ ಬಲಗೈ ನಿಯಮವನ್ನು ಬಳಸಬೇಕಾದಾಗ, ಬಲಗೈಯವರು ಲೇಖನಿಯನ್ನು ಕೆಳಗಿಡಲು ಬೇಸರಪಟ್ಟು ಎಡಗೈ ಬೆರಳುಗಳನ್ನೇ ಚಾಚಿ ಉತ್ತರವನ್ನು ತಿರುವುಮುರುವು ಮಾಡುವರು. ಎಡಗೈಯವರ ಬಲಗೈ ಬಿಡುವಾಗಿಯೇ ಇರುವುದು!

ಎದುರಾಳಿಯೊಡನೆ ಮುಖಾಮುಖಿಯಾಗುವ ಆಟಗಳಲ್ಲಿ, ಎಂದರೆ ಮುಷ್ಟಿಯುದ್ಧ, ಕತ್ತಿವರಸೆ ಮುಂತಾದುವುಗಳಲ್ಲಿ, ಉನ್ನತ ಮಟ್ಟದ ಆಟಗಾರರ ನಡುವೆ ಎಡಗೈಯವರು ನಿರೀಕ್ಷೆಗಿಂತ ಹೆಚ್ಚಾಗಿ ಕಂಡುಬರುವರು. ಅವರು ವಿರಳವಾಗಿರುವುದೇ ಅವರ ಲಾಭ. ಎದುರಾಳಿಗೆ ಅವರೊಡನೆ ಆಡಿದ ಅಭ್ಯಾಸ ಸಾಲದು. ಆದರೆ ಕ್ರಿಕೆಟ್ಟಿನಲ್ಲಿ ‘ಎಡಗೈ ಬ್ಯಾಟುಗಾರ’ ಎಂಬ ಮಾತನ್ನು ನಂಬಿ ಯಾರನ್ನೂ ಎಣಿಸಬಾರದು. ಎಡಗೈ ಬ್ಯಾಟುಗಾರ ಸೌರವ್ ಗಂಗೂಲಿಯವರು ಬಲಗೈಯಿಂದ ಬರೆಯುವವರು. ಬಲಗೈಯಿಂದ ಆಡಿದ ಸಚಿನ್ ತೆಂಡುಲ್ಕರರು ಎಡಗೈಯಿಂದ ಬರೆಯುವವರು.

ಈಗ ಕೈ ಬದಲಾಯಿಸುವ ವಿಚಾರಕ್ಕೆ ಬರೋಣ. ಅಭ್ಯಾಸದಿಂದ ಇನ್ನೊಂದು ಕೈಗೂ ಬರಹ ಕಲಿಸಬಹುದೆಂಬುದು ದಿಟ. ಗಾಂಧೀಜಿಯವರು 1909ರಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಹಡಗಿನಲ್ಲಿ ಮರಳುವಾಗ ‘ಹಿಂದ್ ಸ್ವರಾಜ್’ ಬರೆಯುತ್ತ, ಬಲಗೈ ಸೋತಾಗ ಸುಮಾರು 40 ಪುಟಗಳನ್ನು ಎಡಗೈಯಿಂದ ಬರೆದರು. ಅದು ಅವರು ತಾವಾಗಿ ಮಾಡಿಕೊಂಡ ಏರ್ಪಾಡು. ಐದಾರು ವರ್ಷದ ಮಗುವಿನ ಮೇಲೆ ಹೇರಿದ ಬದಲಾವಣೆಯನ್ನು ಅದರೊಡನೆ ಹೋಲಿಸಲಾಗದು. ಇಂಗ್ಲೆಂಡಿನ ದೊರೆ ಆರನೆಯ ಜಾರ್ಜ್ ಹುಟ್ಟು ಎಡಗೈಯವನು. ಬಾಲ್ಯದಲ್ಲಿ ಅವನನ್ನು ಬಲಗೈಯಿಂದ ಬರೆಯುವಂತೆ ಮಾಡಿದರು. ಅವನಿಗೆ ಉಗ್ಗು ಇತ್ತು. ಎರಡಕ್ಕೂ ಕಾರಣಕಾರ್ಯ ಸಂಬಂಧವನ್ನು ಕಟ್ಟಿದವರುಂಟು, ಆದರೆ ಅದು ಸಿದ್ಧಪಟ್ಟಿಲ್ಲ. ಸಿದ್ಧಪಟ್ಟಿರುವ ಸಂಗತಿ ಬೇರೆ. ಬಾಲ್ಯದಲ್ಲಿ ಕೈ ಬದಲಾಯಿಸಿಕೊಂಡು ದಶಕಗಳ ಕಾಲ ಬಲಗೈಯಿಂದಲೇ ಬರೆದವರ ಮಿದುಳನ್ನು ಹಾರ್ಟ್ವಿಗ್ ಸೀಬ್ನರ್ ಮತ್ತು ಸಂಗಡಿಗರು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ಹುಟ್ಟು ಬಲಗೈಯವರು ಬರೆಯುವಾಗ ಮುಖ್ಯವಾಗಿ ಮಿದುಳಿನ ಎಡಭಾಗ ಚುರುಕಾಗುವುದು. ಬದಲಾದವರಲ್ಲಿ ಮಾತ್ರ, ಬರೆಯುತ್ತಿದ್ದುದು ಬಲಗೈಯಾದರೂ, ಎಡಗೈಯನ್ನು ಆಳುವ ಬಲಭಾಗವೂ ಚುರುಕಾಗಿತ್ತು. ಅಂಗೈ ಒಪ್ಪಿಕೊಂಡರೂ ಮಿದುಳು ಪೂರ್ತಿಯಾಗಿ ಒಪ್ಪಿಕೊಂಡಿರಲಿಲ್ಲ.

ಹೀಗೆ ಬದಲಾದವರು ಎಣಿಕೆಯಿಂದ ಕಾಣೆಯಾಗುವರಷ್ಟೆ. 1976ರಲ್ಲಿ ಪ್ರಕಟವಾದ ಟೈವಾನಿನ ಸಮೀಕ್ಷೆಯಲ್ಲಿ ಎಡಗೈಯಿಂದ ಬರೆಯುವವರು ನೂರಕ್ಕೆ ಒಬ್ಬರೂ ಇರಲಿಲ್ಲ. ಅಮೆರಿಕದ ‘ನ್ಯಾಷನಲ್ ಜಿಯೊಗ್ರಾಫಿಕ್’ ಪತ್ರಿಕೆ 1986ರಲ್ಲಿ ವಾಸನೆಯ ಶಕ್ತಿಯ ಬಗ್ಗೆ ಓದುಗರಿಗೆ ಒಂದು ಪ್ರಶ್ನಪತ್ರಿಕೆ ಕಳುಹಿಸಿದಾಗ, ಕೈಯ ಬಗೆಗೂ ಒಂದು ಪ್ರಶ್ನೆ ಕೇಳಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ಉತ್ತರಗಳು ಬಂದುವು. ಕಿರಿಯರಲ್ಲಿ ಎಡಗೈಯಿಂದ ಬರೆಯುವವರು ನೂರಕ್ಕೆ 12ರಷ್ಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ವೃದ್ಧರಲ್ಲಿ ನೂರಕ್ಕೆ 3 ಅಥವಾ 4. ಉಳಿದ ಎಡಗೈ ವೃದ್ಧರು ಎಲ್ಲಿ ಹೋದರು?

ಸತ್ತುಹೋದರು ಎಂದರು ಇಬ್ಬರು ಮನಶ್ಶಾಸ್ತ್ರಜ್ಞರು. ಡಯೇನ್ ಹಾಲ್ಪರ್ನ್ ಮತ್ತು ಸ್ಟ್ಯಾನ್ಲಿ ಕೋರೆನ್ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಮೃತರಾದ ಸುಮಾರು ಒಂದು ಸಾವಿರ ಜನರ ಬಂಧುಗಳಿಗೆ ಪತ್ರ ಬರೆದು, ಮೃತರು ಯಾವ ಕೈಯವರೆಂದು ಕೇಳಿದರು. ಬಲಗೈಯವರು ಸರಾಸರಿ 75ನೆಯ ವಯಸ್ಸಿನಲ್ಲಿಯೂ ಎಡಗೈಯವರು 66ನೆಯ ವಯಸ್ಸಿನಲ್ಲಿಯೂ ತೀರಿಕೊಂಡಿದ್ದರು. 1991ರಲ್ಲಿ ಇದು ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಎಡಗೈಯವರ ಆಯುಸ್ಸು ಒಂಬತ್ತು ವರ್ಷ ಕಡಮೆ ಎಂದು ಸುದ್ದಿ ಹಬ್ಬಿತು. ಎಡಗೈ ಮಕ್ಕಳ ತಾಯಿತಂದೆಯರಿಗೆ ಹೇಗಾಗಿರಬೇಕು, ಊಹಿಸಿ.

ತಪ್ಪು ಎಲ್ಲಿದೆಯೆಂಬುದು ಒಂದು ಹೋಲಿಕೆಯಿಂದ ಸ್ಪಷ್ಟವಾಗುವುದು. ಈ ವರ್ಷ ನಿಮ್ಮ ಊರಿನಲ್ಲಿ ತೀರಿಕೊಂಡವರ ಮನೆಗಳಿಗೆ ಹೋಗಿ, ಅವರು ಶಾಲೆಯಲ್ಲಿ ಕಂಪ್ಯೂಟರ್ ಕಲಿತಿದ್ದರೇ ಎಂದು ಕೇಳಿ. ಕಲಿತವರು ಸತ್ತ ಸರಾಸರಿ ವಯಸ್ಸು ಬಹಳ ಕಡಮೆಯಾಗಿರುವುದು, ಏಕೆಂದರೆ ವೃದ್ಧರು ಶಾಲೆಯಲ್ಲಿದ್ದಾಗ ಕಂಪ್ಯೂಟರೇ ಇರಲಿಲ್ಲ. ಕಂಪ್ಯೂಟರು ಆಯುಸ್ಸನ್ನು ಕಡಮೆ ಮಾಡಿತೆನ್ನಬಹುದೆ? ಎಡಗೈಯ ಕಥೆಯೂ ಇದೇ. 1900ರ ಸುಮಾರಿನಲ್ಲಿ ಹುಟ್ಟಿದ ಎಡಗೈ ಮಕ್ಕಳನ್ನು ಶಾಲೆಯಲ್ಲಿ ಬಲಗೈಗೆ ತಿರುಗಿಸಿದ್ದರು. ಅವರು ತುಂಬು ಆಯುಸ್ಸು ಬದುಕಿ ಸತ್ತಾಗ ಬಂಧುಗಳು ‘ಬಲಗೈಯವರು’ ಎಂದೇ ಬರೆದರು. ‘ಎಡಗೈಯವರು’ ಎಂದು ಬರೆಯಿಸಿಕೊಂಡವರಲ್ಲಿ ಈಚೆಗೆ ಹುಟ್ಟಿದವರೇ ಹೆಚ್ಚು. ಈಚೆಗೆ ಹುಟ್ಟಿಯೂ ಆಗಲೇ ಸತ್ತಿರಬೇಕಾದರೆ ಚಿಕ್ಕ ವಯಸ್ಸಿನಲ್ಲಿಯೇ ಸತ್ತಿರಬೇಕು. ಸತ್ತವರನ್ನು ಬಿಟ್ಟು, ಬದುಕಿರುವ ವೃದ್ಧರ ಪಟ್ಟಿಯನ್ನು ಮೊದಲೇ ಮಾಡಿಕೊಂಡು ವರ್ಷಗಟ್ಟಲೆ ಅನುಸರಿಸಿದ ಅಧ್ಯಯನದಲ್ಲಿ ಎಡಬಲಗಳ ನಡುವೆ ಇಂಥ ಅಂತರ ಕಾಣಲಿಲ್ಲ. ಸಂಶೋಧಕರು ಸಾವಿನ ಅಳತೆಯೆಂದು ತಿಳಿದುದು ಹಲವು ದಶಕಗಳ ಹಿಂದಿನ ಪಾಠಶಾಲೆಗಳ ಅಳತೆಯಾಗಿತ್ತು.

ಈ ವರ್ಷ ಹೊಸ ತಂಡ ಪ್ರಯೋಗಶಾಲೆಗೆ ಬಂದ ದಿನ ನಾನು ಮೊದಲು ಒಂದು ಪ್ರಶ್ನೆ ಕೇಳಿದೆ: “ನಿಮ್ಮಲ್ಲಿ ಎಡಗೈಯವರು ಯಾರು ಯಾರು? ಬರೆಯುವ ಕೈ ಬೇಡ, ಹುಟ್ಟಿನಿಂದ ಎಡಗೈಯವರು.” ಸ್ವಲ್ಪ ಹೊತ್ತು ಯಾರೂ ಅಲುಗಲಿಲ್ಲ. ಉಪಕರಣವನ್ನು ಯಾವ ಕೈಯಲ್ಲಾದರೂ ಹಿಡಿಯಬಹುದು, ತಲೆಕೆಳಗಾದ ಅಂಕಿಗಳನ್ನು ಓದುವ ಬಗೆಯನ್ನು ನಾನು ಹೇಳಿಕೊಡುವೆನೆಂದ ಮೇಲೆ ಒಬ್ಬನು ಕೈ ಎತ್ತಿದನು. ಅವನನ್ನು ನೋಡಿ ಹಿಂದಿನ ಸಾಲಿನಲ್ಲಿ ಇನ್ನಿಬ್ಬರು ಎತ್ತಿದರು. ಮೂವರೂ ಎತ್ತಿದ್ದುದು ಬಲಗೈಯನ್ನು.