ಮೂರರಲ್ಲಿ ಒಂದೋ, ನಾಲ್ಕರಲ್ಲಿ ಒಂದೋ?

1935ರ ಮೇ ತಿಂಗಳಲ್ಲಿ ಅಮೆರಿಕದ ‘ಫಿಸಿಕಲ್ ರಿವ್ಯೂ’ ಪತ್ರಿಕೆಯಲ್ಲಿ ನಾಲ್ಕು ಪುಟಗಳ ಒಂದು ಲೇಖನ ಪ್ರಕಟವಾಯಿತು. ಬರೆದವರು ಮೂವರು: ಆಲ್ಬರ್ಟ್ ಐನ್‌ಸ್ಟೈನ್, ಬೋರಿಸ್ ಪೊಡೊಲ್‌ಸ್ಕಿ ಮತ್ತು ನೇಥನ್ ರೋಸೆನ್. ಪರಮಾಣುಗಳ ನಡವಳಿಕೆಯನ್ನು ಲೆಕ್ಕ ಹಾಕುವ ಕ್ವಾಂಟಮ್ ಸಿದ್ಧಾಂತ ತಪ್ಪು ಎಂದು ಅವರು ಹೇಳಲಿಲ್ಲ. ಅದು ಅಪೂರ್ಣ ಎಂದರು.

ಅವರ ವಾದವನ್ನು ಹೀಗೆ ಹೇಳಬಹುದು. ಒಂದೇ ಮೂಲದಿಂದ ಹುಟ್ಟಿದ ಎರಡು ಕಣಗಳು ಎದುರುಬದುರು ದಿಕ್ಕಿಗೆ ದೂರ ಹೋಗುತ್ತವೆ. ಅವು ಒಂದಕ್ಕೊಂದು ತಳುಕು ಹಾಕಿಕೊಂಡಿವೆ. ಈ ಕಡೆಯದರ ಒಂದು ಗುಣವನ್ನು ಅಳೆದರೆ ಸಾಕು, ಆ ಕಡೆಯದರ ಗುಣ ಏನೆಂದು ಖಚಿತವಾಗಿ ಹೇಳಬಹುದು. ಆದರೆ ಕ್ವಾಂಟಮ್ ಸಿದ್ಧಾಂತದ ಪ್ರಕಾರ, ಅಳೆಯುವ ಮೊದಲು ಆ ಗುಣಕ್ಕೆ ನಿಶ್ಚಿತ ಬೆಲೆಯೇ ಇರುವುದಿಲ್ಲ. ಹಾಗಾದರೆ ಇಲ್ಲಿ ಅಳೆದ ಗಳಿಗೆಯಲ್ಲೇ ಅಲ್ಲಿ ಬೆಲೆ ನಿಶ್ಚಯವಾಗುವುದು ಹೇಗೆ? ಬೆಳಕಿಗಿಂತ ವೇಗವಾಗಿ ಯಾವ ಪ್ರಭಾವವೂ ಸಾಗದು ಎಂದು ತೋರಿಸಿಕೊಟ್ಟ ಐನ್‌ಸ್ಟೈನ್‌ಗೆ ಇದು ಒಪ್ಪಿಗೆಯಾಗುವ ಮಾತೇ ಅಲ್ಲ. ಎರಡೂ ಕಣಗಳು ಹೊರಡುವಾಗಲೇ ಉತ್ತರವನ್ನು ಹೊತ್ತುಕೊಂಡು ಹೊರಟಿರಬೇಕು, ಅದು ಸಿದ್ಧಾಂತದ ಕಣ್ಣಿಗೆ ಬಿದ್ದಿಲ್ಲ ಅಷ್ಟೆ ಎಂಬುದು ಅವರ ನಿಲುವು.

ಇದು ಸರಳವಾದ, ಮನಸ್ಸಿಗೆ ಒಪ್ಪುವ ವಿವರಣೆ. ಇದಕ್ಕೆ ಉದಾಹರಣೆಯಾಗಿ ಭೌತವಿಜ್ಞಾನಿ ಜಾನ್ ಬೆಲ್ 1981ರಲ್ಲಿ ತಮ್ಮ ಸಹೋದ್ಯೋಗಿ ರೈನ್‌ಹೋಲ್ಡ್ ಬರ್ಟಲ್‌ಮನ್ ಅವರ ಕಾಲುಚೀಲಗಳ ಕಥೆ ಬರೆದರು. ಬರ್ಟಲ್‌ಮನ್ ಎರಡು ಕಾಲಿಗೂ ಬೇರೆ ಬೇರೆ ಬಣ್ಣದ ಕಾಲುಚೀಲ ತೊಡುತ್ತಿದ್ದರು. ಬಾಗಿಲಿನಿಂದ ಒಳಗೆ ಬಂದ ಮೊದಲ ಕಾಲಿನಲ್ಲಿ ಗುಲಾಬಿ ಬಣ್ಣ ಕಂಡರೆ, ಇನ್ನೊಂದರಲ್ಲಿ ಗುಲಾಬಿ ಇಲ್ಲವೆಂದು ನೋಡದೆಯೇ ಹೇಳಬಹುದು. ಅದರಲ್ಲಿ ಅಚ್ಚರಿಯೇನೂ ಇಲ್ಲ, ಬೆಳಿಗ್ಗೆಯೇ ತೊಟ್ಟಿದ್ದು ತಾನೆ? ಕಣಗಳ ಸಂಗತಿಯೂ ಇಷ್ಟೆಯೋ ಎಂಬುದು ಬೆಲ್ ಕೇಳಿಕೊಂಡ ಪ್ರಶ್ನೆ.

1928ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಬೆಲ್, ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಅವರ ಒಲವು ಐನ್‌ಸ್ಟೈನ್ ಕಡೆಗೇ ಇತ್ತು. ಅಲ್ಲಿಯವರೆಗೆ ಬಹುತೇಕ ಭೌತವಿಜ್ಞಾನಿಗಳು ಇದನ್ನು ತತ್ವಜ್ಞಾನದ ಚರ್ಚೆ ಎಂದು ಬದಿಗಿಟ್ಟಿದ್ದರು. ಎರಡು ನಿಲುವುಗಳಿಂದಲೂ ಬರುವ ಅಂಕಿ ಒಂದೇ ಆಗಿದ್ದರೆ ವಾದ ಮಾಡಿ ಏನು ಫಲ? 1964ರ ತಮ್ಮ ಲೇಖನದಲ್ಲಿ ಬೆಲ್ ತೋರಿಸಿದ್ದು, ಅಂಕಿ ಒಂದೇ ಅಲ್ಲ ಎಂಬುದನ್ನು. ಆ ಲೇಖನ ಬಂದದ್ದು ಕೆಲವೇ ವರ್ಷ ನಡೆದು ನಿಂತುಹೋದ ಒಂದು ಪತ್ರಿಕೆಯಲ್ಲಿ. ಹಲವು ವರ್ಷ ಅದನ್ನು ಗಮನಿಸಿದವರು ವಿರಳ.

ಬೆಲ್ ವಾದದ ತಿರುಳನ್ನು ಹಿಡಿಯಲು ದೊಡ್ಡ ಗಣಿತ ಬೇಕಿಲ್ಲ. ಅಮೆರಿಕದ ಡೇವಿಡ್ ಮರ್ಮಿನ್ 1980ರ ದಶಕದಲ್ಲಿ ಅದನ್ನು ಹೈಸ್ಕೂಲು ಮಕ್ಕಳಿಗೂ ನಿಲುಕುವಷ್ಟು ಸರಳಗೊಳಿಸಿದರು. ಕಾಗದ, ಪೆನ್ಸಿಲ್ ಹಿಡಿದು ಕೂತರೆ ಯಾರು ಬೇಕಾದರೂ ಮಾಡಿ ನೋಡಬಹುದು.

ಬೆಳಕಿನ ಕಣ ಫೋಟಾನ್. ಪೋಲರಾಯ್ಡ್ ಹಾಳೆಯನ್ನು ಯಾವ ಕೋನಕ್ಕೆ ತಿರುಗಿಸಿ ಹಿಡಿದರೂ ಫೋಟಾನ್ ಒಂದೋ ದಾಟುತ್ತದೆ, ಇಲ್ಲವೇ ತಡೆಯಲ್ಪಡುತ್ತದೆ. ತಳುಕು ಹಾಕಿಕೊಂಡ ಎರಡು ಫೋಟಾನ್‌ಗಳು ಎರಡು ಕಡೆಗೆ ಹೋಗುತ್ತವೆ. ಎರಡೂ ತುದಿಯ ಹಾಳೆಗಳನ್ನು 0, 60, 120 ಡಿಗ್ರಿಗಳಲ್ಲಿ ಯಾವುದಾದರೊಂದಕ್ಕೆ ಮನಬಂದಂತೆ ತಿರುಗಿಸಬಹುದು. ಎರಡು ಕಡೆಯೂ ಒಂದೇ ಕೋನವಿದ್ದರೆ ಎರಡರ ಉತ್ತರವೂ ಯಾವಾಗಲೂ ಒಂದೇ: ದಾಟಿದರೆ ಎರಡೂ ದಾಟುತ್ತವೆ, ನಿಂತರೆ ಎರಡೂ ನಿಲ್ಲುತ್ತವೆ.

ಐನ್‌ಸ್ಟೈನ್ ಹೇಳಿದಂತೆ ಉತ್ತರಗಳು ಮೊದಲೇ ಬರೆದಿಟ್ಟವು ಎಂದುಕೊಳ್ಳೋಣ. ಆಗ ಪ್ರತಿ ಜೋಡಿಯೂ ಮೂರು ಕೋನಗಳಿಗೆ ಮೂರು ಉತ್ತರಗಳ ಒಂದು ಪಟ್ಟಿಯನ್ನು ಹೊತ್ತಿರಬೇಕು. ಇಂಥ ಪಟ್ಟಿಗಳು ಒಟ್ಟು ಎಂಟು. ಎರಡು ಪಟ್ಟಿಗಳಲ್ಲಿ ಮೂರೂ ಉತ್ತರಗಳು ಒಂದೇ ಬಗೆ. ಉಳಿದ ಆರರಲ್ಲಿ ಎರಡು ಉತ್ತರ ಒಂದು ಬಗೆ, ಮೂರನೆಯದು ಬೇರೆ ಬಗೆ. ಈಗ ಎರಡು ತುದಿಯಲ್ಲೂ ಬೇರೆ ಬೇರೆ ಕೋನ ಇಟ್ಟು ನೋಡೋಣ. ಮೊದಲ ಎರಡು ಪಟ್ಟಿಗಳಿದ್ದರೆ ಉತ್ತರಗಳು ಪ್ರತಿ ಸಲವೂ ಹೊಂದುತ್ತವೆ. ಉಳಿದ ಆರರಲ್ಲಿ ಮೂರು ಸಲಕ್ಕೆ ಒಂದು ಸಲವಾದರೂ ಹೊಂದುತ್ತವೆ. ಪ್ರಕೃತಿ ಈ ಪಟ್ಟಿಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಿ ಕಳಿಸಿದರೂ ಹೊಂದಿಕೆ ಮೂರರಲ್ಲಿ ಒಂದಕ್ಕಿಂತ, ಅಂದರೆ ಶೇ. 33ಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಕ್ವಾಂಟಮ್ ಸಿದ್ಧಾಂತ ಹೇಳುವ ಅಂಕಿ ನಾಲ್ಕರಲ್ಲಿ ಒಂದು. ಶೇ. 25.

ಸುಮಾರು ಮೂವತ್ತು ವರ್ಷಗಳ ವಾದಗಳಿಂದ ಬಗೆಹರಿಯದ್ದು ಇಲ್ಲಿ ಎಣಿಕೆಯ ವಿಷಯವಾಗಿಬಿಟ್ಟಿತು. ಆಧುನಿಕ ಭೌತವಿಜ್ಞಾನದಲ್ಲಿ ಇದಕ್ಕಿಂತ ಸುಂದರವಾದ ತಿರುವು ಇನ್ನೊಂದಿಲ್ಲ ಎನ್ನಬೇಕು.

ಬೆಲ್ ಲೆಕ್ಕಕ್ಕೆ ಪ್ರಯೋಗಾಲಯದಲ್ಲಿ ಬಳಸಲು ಅನುಕೂಲವಾದ ರೂಪವನ್ನು 1969ರಲ್ಲಿ ಜಾನ್ ಕ್ಲೌಸರ್ ಮತ್ತು ಮೂವರು ಸಂಗಡಿಗರು ಕೊಟ್ಟರು. 1972ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕ್ಲೌಸರ್ ಮತ್ತು ಸ್ಟುವರ್ಟ್ ಫ್ರೀಡ್‌ಮನ್ ಕ್ಯಾಲ್ಸಿಯಂ ಪರಮಾಣುಗಳಿಂದ ಹೊಮ್ಮುವ ಜೋಡಿ ಫೋಟಾನ್‌ಗಳನ್ನು ಎಣಿಸಿದರು. ಕ್ಲೌಸರ್ ಅವರಿಗೆ ಐನ್‌ಸ್ಟೈನ್ ಗೆಲ್ಲುತ್ತಾರೆಂಬ ನಿರೀಕ್ಷೆಯಿತ್ತು. ಗೆದ್ದದ್ದು ಕ್ವಾಂಟಮ್ ಸಿದ್ಧಾಂತ.

ಆದರೂ ಒಂದು ಅನುಮಾನ ಉಳಿಯಿತು. ಹಾಳೆಗಳ ಕೋನ ಮೊದಲೇ ನಿಶ್ಚಯವಾಗಿದ್ದರೆ ಒಂದು ತುದಿಯ ಸುದ್ದಿ ಇನ್ನೊಂದು ತುದಿಗೆ ಹೇಗೋ ತಲುಪಿರಬಹುದಲ್ಲ? 1982ರಲ್ಲಿ ಪ್ಯಾರಿಸ್ ಬಳಿಯ ಓರ್ಸೆಯಲ್ಲಿ ಅಲೇನ್ ಆಸ್ಪೆ ತಂಡ ಫೋಟಾನ್‌ಗಳು ದಾರಿಯಲ್ಲಿರುವಾಗಲೇ ಕೋನ ಬದಲಾಗುವಂತೆ ಮಾಡಿತು. ಎರಡು ತುದಿಗಳ ನಡುವೆ ಸುಮಾರು 12 ಮೀಟರ್. ಅಷ್ಟು ದೂರಕ್ಕೆ ಬೆಳಕಿಗೆ ಬೇಕಾದದ್ದು 40 ನ್ಯಾನೊಸೆಕೆಂಡ್, ಬದಲಾವಣೆ ಆಗುತ್ತಿದ್ದದ್ದು 10 ನ್ಯಾನೊಸೆಕೆಂಡಿಗೊಮ್ಮೆ. 1998ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಆಂಟೊನ್ ತ್ಸೈಲಿಂಗರ್ ತಂಡ ಅಂತರವನ್ನು 400 ಮೀಟರಿಗೆ ಏರಿಸಿತು. ಎಣಿಕೆಗೆ ಸಿಗದೆ ತಪ್ಪಿಸಿಕೊಂಡ ಕಣಗಳು ಬೇರೆ ಅಂಕಿ ಕೊಡುತ್ತಿದ್ದವೇನೋ ಎಂಬುದು ಇನ್ನೊಂದು ತಕರಾರು. 2015ರಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ, 1.3 ಕಿಲೋಮೀಟರ್ ಅಂತರದ ಎರಡು ವಜ್ರದ ಹರಳುಗಳಲ್ಲಿನ ಎಲೆಕ್ಟ್ರಾನ್‌ಗಳ ಮೇಲೆ ನಡೆದ ಪ್ರಯೋಗ ಈ ಎರಡೂ ತಕರಾರುಗಳನ್ನು ಒಟ್ಟಿಗೇ ಮುಚ್ಚಿತು. ಇಲ್ಲಿ ಬಳಸಿದ್ದು ಕ್ಲೌಸರ್ ಮತ್ತು ಸಂಗಡಿಗರ 1969ರ ರೂಪ; ಮೊದಲೇ ಬರೆದಿಟ್ಟ ಉತ್ತರಗಳಿದ್ದರೆ ಅದರಲ್ಲಿ ಬರುವ ಸಂಖ್ಯೆ 2ನ್ನು ಮೀರಬಾರದಿತ್ತು. ಬಂದದ್ದು 2.42.

2022ರ ನೊಬೆಲ್ ಪ್ರಶಸ್ತಿಯನ್ನು ಆಸ್ಪೆ, ಕ್ಲೌಸರ್, ತ್ಸೈಲಿಂಗರ್ ಹಂಚಿಕೊಂಡರು. ಬೆಲ್ 1990ರಲ್ಲೇ ತೀರಿಕೊಂಡಿದ್ದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಪ್ರಯೋಗಗಳ ಹೆಸರು ಹೇಳಿಕೊಂಡು ಮನಸ್ಸಿನಿಂದ ಮನಸ್ಸಿಗೆ ಸಂದೇಶ ಹೋಗುತ್ತದೆ, ದೂರದಿಂದಲೇ ಕ್ವಾಂಟಮ್ ಚಿಕಿತ್ಸೆ ಮಾಡುತ್ತೇವೆ ಎನ್ನುವವರು ಇದ್ದಾರೆ. ತಳುಕಿನಿಂದ ಒಂದಕ್ಷರದ ಸಂದೇಶವನ್ನೂ ಕಳಿಸಲಾಗದು. ಒಂದು ತುದಿಯಲ್ಲಿ ಕೂತವರಿಗೆ ಕಾಣುವುದು ಅರ್ಧಕ್ಕರ್ಧ ದಾಟು, ಅರ್ಧಕ್ಕರ್ಧ ನಿಲ್ಲು ಎಂಬ ಗೊತ್ತುಗುರಿಯಿಲ್ಲದ ಸಾಲು. ಆ ತುದಿಯವರು ಏನು ಅಳೆದರೂ ಈ ಸಾಲಿನ ಸ್ವರೂಪ ಬದಲಾಗುವುದಿಲ್ಲ. ಎರಡೂ ಕಡೆಯ ದಾಖಲೆಗಳನ್ನು ಫೋನಿನಲ್ಲೋ ಅಂಚೆಯಲ್ಲೋ ತರಿಸಿ ಅಕ್ಕಪಕ್ಕ ಇಟ್ಟ ಮೇಲಷ್ಟೇ ಹೊಂದಿಕೆ ಕಾಣುತ್ತದೆ.

ನಿಜವಾದ ಉಪಯೋಗ ಬೇರೆ ಕಡೆ ಇದೆ. ತಳುಕು ಹಾಕಿಕೊಂಡ ಫೋಟಾನ್‌ಗಳನ್ನು ಯಾರಾದರೂ ದಾರಿಯಲ್ಲಿ ಅಳೆದರೆ ಬೆಲ್ ಲೆಕ್ಕದಲ್ಲಿ ಏರುಪೇರಾಗಿ ಕಳವು ಬಯಲಾಗುತ್ತದೆ. ಇದನ್ನೇ ಬಳಸಿ ಗುಪ್ತ ಕೀಲಿ ಹಂಚುವ ವಿಧಾನವನ್ನು ಆರ್ಟುರ್ ಎಕರ್ಟ್ 1991ರಲ್ಲಿ ಸೂಚಿಸಿದರು. ಭಾರತ ಸರ್ಕಾರ 2023ರ ಏಪ್ರಿಲ್‌ನಲ್ಲಿ ಸುಮಾರು 6,000 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಹಾಗಾದರೆ ಒಗಟು ಬಿಡಿಸಿದಂತಾಯಿತೇ? ಅರ್ಧ ಮಾತ್ರ. ಬರೆದಿಟ್ಟ ಉತ್ತರ, ಬೆಳಕನ್ನು ಮೀರದ ಪ್ರಭಾವ, ಈ ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳುವ ಸರಳ ದಾರಿ ಮುಚ್ಚಿಹೋಗಿದೆ. ಯಾವುದನ್ನು ಬಿಡಬೇಕು ಎಂಬಲ್ಲಿ ಒಮ್ಮತವಿಲ್ಲ. 1952ರಲ್ಲಿ ಡೇವಿಡ್ ಬೋಮ್ ಕೊಟ್ಟ ಸಿದ್ಧಾಂತದಲ್ಲಿ ಕಣಗಳಿಗೆ ಯಾವಾಗಲೂ ನಿಶ್ಚಿತ ಸ್ಥಾನವಿದೆ, ಆದರೆ ದೂರದ ಕಣದ ಪ್ರಭಾವ ತಕ್ಷಣವೇ ತಟ್ಟುತ್ತದೆ. 1957ರಲ್ಲಿ ಹ್ಯೂ ಎವರೆಟ್ ಆರಂಭಿಸಿದ ಇನ್ನೊಂದು ದಾರಿಯಲ್ಲಿ ಪ್ರತಿ ಅಳತೆಯಲ್ಲೂ ಸಾಧ್ಯವಿರುವ ಎಲ್ಲ ಉತ್ತರಗಳೂ ಬೇರೆ ಬೇರೆ ಕವಲುಗಳಲ್ಲಿ ನಿಜವಾಗುತ್ತವೆ. ಇವೆರಡೂ ಕೊಡುವ ಅಂಕಿ ನಾಲ್ಕರಲ್ಲಿ ಒಂದೇ. ಎರಡರಲ್ಲಿ ಯಾವುದು ಸರಿ ಎಂದು ಬೇರ್ಪಡಿಸಿ ಹೇಳುವ ಪ್ರಯೋಗ ಇನ್ನೂ ನಡೆದಿಲ್ಲ.