ಈಚಲ ಮರದ ಕೆಳಗೆ ಮಕ್ಕಳ ಆಟ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ನೋಡಿದವರು ಸೇಂದಿ ಎಂದೇ ಹೇಳುತ್ತಾರೆ ಎಂಬುದು ಹಿರಿಯರ ಮಾತು. ಜಹೀರಾಬಾದ, ನಾರಾಯಣಖೇಡ, ತಾಂಡೂರಗಳ ಸುತ್ತ ಈಚಲ ಮರಕ್ಕೂ ಕೊರತೆಯಿಲ್ಲ, ಸೇಂದಿಗೂ ಕೊರತೆಯಿಲ್ಲ. ಆದ್ದರಿಂದ ಈ ಗಾದೆಯನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗಾದೆ ಹೇಳುವುದು ನೋಡುವವರ ಮಾತನ್ನು ಮಾತ್ರ. ಆ ಮರದ ಕೆಳಗೆ ಮಗುವನ್ನು ಆಡಲು ಬಿಟ್ಟರೆ ಮಗುವಿಗೆ ಏನಾಗುತ್ತದೆ ಎಂಬುದನ್ನು ನಾವೇ ಯೋಚಿಸಬೇಕು.

ಇಂದು ಹೆದ್ದಾರಿಯ ಬದಿಯಲ್ಲಿ ‘ಫ್ಯಾಮಿಲಿ ರೆಸ್ಟೋರೆಂಟ್ ಮತ್ತು ಬಾರ್’ ಎಂಬ ಫಲಕ ಹೊಸದೇನೂ ಅಲ್ಲ. ಕುಟುಂಬ, ಬಾರ್ ಎರಡೂ ಒಂದೇ ಹಲಗೆಯ ಮೇಲೆ! ವಾರದ ರಜೆಗೆ ಕರೆಯುವ ರೆಸಾರ್ಟುಗಳಲ್ಲಿ ಮಕ್ಕಳಿಗೆ ಈಜುಕೊಳ, ಗಾಳಿ ತುಂಬಿದ ಜಾರುಬಂಡೆ, ಜಾದೂಗಾರ. ಕೆಲವು ಕಡೆ ಸಂಜೆಯಾದ ಮೇಲೆ ದೊಡ್ಡವರಿಗೆ ಗ್ಲಾಸು, ಇಸ್ಪೀಟು. ನಮ್ಮ ಸಮಾಜದ ಮನೆಗಳವರೂ ಮಕ್ಕಳ ಹುಟ್ಟುಹಬ್ಬವನ್ನು ಇಂಥಲ್ಲಿ ಆಚರಿಸಲು ಮೊದಲು ಮಾಡಿದ್ದಾರೆ. ಕೇಳಿದರೆ ಕಿರಿಯರು ಎರಡು ಮಾತು ಹೇಳುತ್ತಾರೆ. ಒಂದು: ನಾವೇನೂ ಕುಡಿಯುವುದಿಲ್ಲ, ಮಕ್ಕಳು ಬೇರೆ ಕಡೆ ಆಡುತ್ತಾರೆ, ತಪ್ಪೇನು? ಎರಡು: ನಮ್ಮ ಊರುಗಳಲ್ಲಿ ಮಕ್ಕಳನ್ನು ಕರೆದೊಯ್ಯಲು ಬೇರೆ ಜಾಗ ಎಲ್ಲಿದೆ? ಎರಡೂ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಗದರಿಸಿದರೆ ಕೆಲಸವಾಗುವುದಿಲ್ಲ.

ನಾವು ವ್ಯಾಪಾರಸ್ಥರು. ವ್ಯಾಪಾರದ ಕಣ್ಣಿನಿಂದಲೇ ನೋಡೋಣ. ಕಿರಾಣಿ ಅಂಗಡಿಯ ಗಲ್ಲೆಯ ಪಕ್ಕದಲ್ಲಿ ಪೆಪ್ಪರಮೆಂಟಿನ ಭರಣಿ ಏಕಿರುತ್ತದೆ? ತಾಯಿ ಸೀರೆ ಆರಿಸುವಾಗ ಹಟ ಮಾಡುವ ಮಗುವಿಗೆ ಬಟ್ಟೆ ಅಂಗಡಿಯವರು ಬಿಸ್ಕತ್ತು ಏಕೆ ಕೊಡುತ್ತಾರೆ? ಮಗುವಿನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಆದರೆ ಮಗು ಸುಮ್ಮನೆ ಕುಳಿತರೆ ತಾಯಿ ಇನ್ನೂ ಎರಡು ಸೀರೆ ನೋಡುತ್ತಾಳೆ. ಈ ಗುಟ್ಟು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಸೀರೆ ಮಾರುವುದು ಪಾಪವಲ್ಲ, ಬಿಸ್ಕತ್ತು ಕೊಡುವುದೂ ಪಾಪವಲ್ಲ. ಆದರೆ ಮಾರುವ ವಸ್ತು ಮದ್ಯವಾದಾಗ, ಜೂಜಿನ ಮೇಜಾದಾಗ, ಆ ಬಿಸ್ಕತ್ತಿನ ಲೆಕ್ಕವೇ ಬೇರೆಯಾಗುತ್ತದೆ.

ಇದಕ್ಕೆ ದೊಡ್ಡ ಉದಾಹರಣೆ ಗೋವಾದಲ್ಲಿದೆ. ನಮ್ಮ ಭಾಗದ ಯುವಕರು ಈಗ ಮಕ್ಕಳುಮರಿ ಸಹಿತ ಅಲ್ಲಿಗೆ ಪ್ರವಾಸ ಹೋಗುತ್ತಾರೆ. ಗೋವಾದ ಜೂಜು ಕಾಯ್ದೆ 1976ರದು. 1992ರ ತಿದ್ದುಪಡಿಯಿಂದ ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೆ ಅವಕಾಶವಾಯಿತು. 1996ರ ತಿದ್ದುಪಡಿಯಿಂದ ಹಡಗಿನ ಮೇಲೆ ಮೇಜಿನ ಜೂಜಿಗೂ ದಾರಿಯಾಯಿತು. ಪಣಜಿಯ ಎದುರು ಮಾಂಡವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗುಗಳು ಹೀಗೆ ಬಂದವು. 21 ವರ್ಷ ತುಂಬದವರಿಗೆ ಜೂಜಿನ ಅಂಗಳಕ್ಕೆ ಪ್ರವೇಶವಿಲ್ಲ. ಹಾಗಾದರೆ ಮಕ್ಕಳೊಂದಿಗೆ ಬಂದ ತಂದೆ-ತಾಯಿ ಏನು ಮಾಡಬೇಕು? ಅದಕ್ಕೂ ಏರ್ಪಾಡಿದೆ. ಡೆಲ್ಟಿನ್ ರಾಯಲ್, ಬಿಗ್ ಡ್ಯಾಡಿ ಹಡಗುಗಳಲ್ಲಿ ಮಕ್ಕಳ ಆಟಕ್ಕೆಂದೇ ಬೇರೆ ಜಾಗ ಮಾಡಿದ್ದಾರೆ. ಮಕ್ಕಳು ಅಲ್ಲಿ, ಹಿರಿಯರು ಮೇಜಿನ ಬಳಿ. ಆ ಕೊಠಡಿ ಮಗುವಿಗಾಗಿ ಕಟ್ಟಿದ್ದೋ, ತಂದೆ ಮೇಜು ಬಿಟ್ಟು ಏಳದಿರಲೆಂದು ಕಟ್ಟಿದ್ದೋ? ಗಲ್ಲೆಯ ಮೇಲೆ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಇನ್ನೊಂದು ಸಂಗತಿ ಗಮನಿಸಿರಿ. 2020ರ ಫೆಬ್ರವರಿಯಿಂದ ಗೋವಾ ಸರ್ಕಾರ ತನ್ನ ರಾಜ್ಯದವರಿಗೇ ಈ ಕ್ಯಾಸಿನೊಗಳ ಪ್ರವೇಶವನ್ನು ನಿಷೇಧಿಸಿತು. ತಮ್ಮ ಮನೆಯವರಿಗೆ ಬೇಡವೆಂದದ್ದನ್ನು ಅತಿಥಿಗಳಿಗೆ ಬಡಿಸುತ್ತಾರೆ. ಆ ಅತಿಥಿಗಳು ನಾವು!

ಮಕ್ಕಳ ಆಟ, ಜೂಜು ಎರಡನ್ನೂ ಒಂದೇ ಮಾಡಿನ ಕೆಳಗೆ ತರಲು ಅಮೆರಿಕೆಯ ಲಾಸ್ ವೇಗಾಸ್ ನಗರ ದೊಡ್ಡ ಪ್ರಯತ್ನ ಮಾಡಿತು. 1968ರಲ್ಲಿ ಅಲ್ಲಿ ಸರ್ಕಸ್ ಸರ್ಕಸ್ ಎಂಬ ಕ್ಯಾಸಿನೊ ತೆರೆಯಿತು. ಕೆಳಗೆ ಜೂಜು, ಮೇಲೆ ಸರ್ಕಸ್ಸು. 1993ರಲ್ಲಿ ಎಂ.ಜಿ.ಎಂ. ಗ್ರ್ಯಾಂಡ್ ಹೋಟೆಲು ದೊಡ್ಡ ಮನರಂಜನಾ ಉದ್ಯಾನವನ್ನೇ ಕಟ್ಟಿತು. ಅದೇ ವರ್ಷ ಟ್ರೆಷರ್ ಐಲ್ಯಾಂಡ್ ಹೋಟೆಲಿನ ಮುಂದೆ ಕಡಲ್ಗಳ್ಳರ ಹಡಗಿನ ಕಾಳಗದ ಆಟ ಮೊದಲಾಯಿತು. ಆದರೆ ಹತ್ತು ವರ್ಷ ತುಂಬುವುದರೊಳಗೆ ಆ ಉದ್ಯಾನ ಮುಚ್ಚಿತು. 2003ರಲ್ಲಿ ಕಡಲ್ಗಳ್ಳರ ಆಟ ಹೋಗಿ ದೊಡ್ಡವರ ಕುಣಿತ ಬಂತು. ಮಗುವಿನ ಆಟಕ್ಕೂ ಜೂಜಿನ ಮೇಜಿಗೂ ತಾಳೆಯಾಗದಿದ್ದಾಗ ಉಳಿದದ್ದು ಯಾವುದು, ಹೋದದ್ದು ಯಾವುದು ಎಂಬುದು ಸ್ಪಷ್ಟವಾಗಿದೆ.

ಈ ನಡುವೆ 1997ರಲ್ಲಿ ನೆವಾಡಾ ರಾಜ್ಯದ ಗಡಿಯಲ್ಲಿರುವ ಒಂದು ಕ್ಯಾಸಿನೊದಲ್ಲಿ ದೇಶವೇ ಬೆಚ್ಚುವ ಘಟನೆ ನಡೆಯಿತು. ನಡುರಾತ್ರಿ ಕಳೆದರೂ ತಂದೆ ಜೂಜಿನಲ್ಲಿದ್ದ. ಏಳು ವರ್ಷದ ಮಗಳು ಅಲ್ಲೇ ಮಕ್ಕಳ ಆಟದ ಯಂತ್ರಗಳ ಕೋಣೆಯಲ್ಲಿದ್ದಳು. ಒಬ್ಬ ಯುವಕ ಬೆನ್ನಟ್ಟಿ ಹೋಗಿ ಆ ಕೂಸನ್ನು ಕೊಂದ. ಎಲ್ಲ ಕಡೆಯೂ ಹೀಗಾಗುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ ಮಗು ಸುರಕ್ಷಿತವಾಗಿದೆ ಎಂಬ ನಂಬಿಕೆಯೇ ತಂದೆಯನ್ನು ಮೇಜಿಗೆ ಕಟ್ಟಿಹಾಕುತ್ತದೆ ಎಂಬುದನ್ನು ಮರೆಯಬಾರದು.

ಸಪ್ತವ್ಯಸನಗಳಲ್ಲಿ ನಮ್ಮ ಆಚಾರ್ಯರು ದ್ಯೂತವನ್ನೇ ಮೊದಲು ಎಣಿಸಿದ್ದಾರೆ. ಮದ್ಯವೂ ಅದೇ ಪಟ್ಟಿಯಲ್ಲಿದೆ. ಮಹಾಭಾರತದಲ್ಲಿಯೂ ಪಾಂಡವರಿಗೆ ಬಂದ ಕರೆ, ಹೊಸ ಸಭಾಭವನ ನೋಡಿ, ಸಂತೋಷವಾಗಿ ಆಡಿ ಹೋಗಲೆಂಬುದೇ. ವ್ಯಸನವು ವ್ಯಸನವೆಂಬ ಹೆಸರಿನಿಂದ ಬರುವುದಿಲ್ಲ, ಮನರಂಜನೆ ಎಂಬ ಹೆಸರಿನಿಂದಲೇ ಬರುತ್ತದೆ. ಮಗು ಉಪದೇಶ ಕೇಳಿ ಕಲಿಯುವುದು ಕಡಿಮೆ, ರೂಢಿಯಿಂದ ಕಲಿಯುವುದೇ ಹೆಚ್ಚು. ಹುಟ್ಟುಹಬ್ಬದ ಕೇಕು, ಈಜುಕೊಳ, ಬಾರಿನ ಬಣ್ಣದ ದೀಪ ಮೂರೂ ಅದರ ನೆನಪಿನಲ್ಲಿ ಒಂದೇ ಸಂತೋಷವಾಗಿ ಕೂಡುತ್ತವೆ. ಪಾಠಶಾಲೆಯಲ್ಲಿ ಮದ್ಯತ್ಯಾಗ ಹೇಳಿಕೊಟ್ಟು ಬಾರಿನ ಅಂಗಳದಲ್ಲಿ ಆಡಲು ಬಿಟ್ಟರೆ ಮಗು ಯಾವುದನ್ನು ನಂಬಬೇಕು? ದೀಪಾವಳಿಯ ನೆಪದಲ್ಲಿ ಮನೆಯಲ್ಲೇ ಹಣವಿಟ್ಟು ಎಲೆ ಹಾಕುವವರೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ಸರ್ಕಾರವೇ ತಡೆಯಲಿ ಎನ್ನುವವರಿದ್ದಾರೆ. ಆಂಧ್ರದಲ್ಲಿ 1995ರಲ್ಲಿ ಪೂರ್ಣ ಪಾನನಿಷೇಧ ಬಂತು, 1997ರಲ್ಲಿ ಸಡಿಲವಾಯಿತು. ತೆಲಂಗಾಣ 2017ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳ ವಿರುದ್ಧ ಕಾಯ್ದೆ ಮಾಡಿತು. ಒಳ್ಳೆಯದೇ. ಆದರೆ ನಾವು ಗಡಿಯ ಜನ. 1956ರವರೆಗೆ ಜಹೀರಾಬಾದ, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರ ಗುಲಬರ್ಗಾ ಜಿಲ್ಲೆಯಲ್ಲಿತ್ತು. ಒಂದು ರಾಜ್ಯದ ನಿಷೇಧ ಪಕ್ಕದ ರಾಜ್ಯದ ಮೊದಲ ಅಂಗಡಿಗೆ ಮುಗಿಯುತ್ತದೆ ಎಂಬುದು ನಮಗೆ ಹೊಸದಲ್ಲ. ಮನೆಯ ಹೊಸ್ತಿಲಿನ ಕಾನೂನೇ ನಮ್ಮ ಜೊತೆ ಎಲ್ಲೆಡೆ ಬರುತ್ತದೆ.

ಹಾಗೆಂದು ಪ್ರಯಾಣದಲ್ಲಿ ಬಾರ್ ಇರುವ ಯಾವ ಹೋಟೆಲಿನಲ್ಲೂ ತಂಗಲೇಬಾರದು ಎಂದರೆ ಇಂದಿನ ಕಾಲಕ್ಕೆ ನಡೆಯದು. ಅನಿವಾರ್ಯವಾಗಿ ಒಂದು ರಾತ್ರಿ ತಂಗುವುದು ಬೇರೆ, ಮಗುವಿನ ಸಂತೋಷಕ್ಕೆಂದೇ ಅಂಥ ಜಾಗ ಆರಿಸುವುದು ಬೇರೆ. ಜಾಗ ಗೊತ್ತುಮಾಡುವ ಮೊದಲು ಮೂರು ಪ್ರಶ್ನೆ ಕೇಳಿರಿ. ಇಲ್ಲಿ ಮಾಲೀಕನ ಮುಖ್ಯ ಆದಾಯ ಯಾವುದು? ಅಂದು ನಮ್ಮ ಅಂಗಳದಲ್ಲಿ ಮದ್ಯ, ಇಸ್ಪೀಟು ಇರುವುದಿಲ್ಲ ಎಂದು ಬರೆದುಕೊಡುತ್ತಾರೆಯೇ? ಮಕ್ಕಳು ಆಡುವಾಗ ದೊಡ್ಡವರು ಎಲ್ಲಿರುತ್ತಾರೆ?

ಬೇರೆ ಜಾಗ ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದು. ತಾಂಡೂರದಿಂದ ವಾಡಿಯ ಕಡೆಗೆ ಹೋಗುವ ರೈಲಿನ ಹಾದಿಯಲ್ಲೇ ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿ, ನೇಮಿನಾಥ ಬಸದಿಯ ಊರು. ಎಷ್ಟು ಮಕ್ಕಳು ನೋಡಿದ್ದಾರೆ? ಅನಂತಗಿರಿಯ ಕಾಡಿನಲ್ಲಿ ಮೂಸಿ ನದಿ ಹುಟ್ಟುವುದನ್ನು ತೋರಿಸಬಹುದು. ಬೀದರ ಕೋಟೆ ಜಹೀರಾಬಾದಿಗೆ ಹತ್ತಿರ. ನಾರಾಯಣಖೇಡದವರಿಗೆ ಸಿಂಗೂರು ಜಲಾಶಯವಿದೆ. ಜಹೀರಾಬಾದ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳು ಎತ್ತಿನ ಗಾಡಿಗಳಲ್ಲಿ ಹಳೆಯ ಬೀಜಗಳನ್ನಿಟ್ಟು ಊರೂರಿಗೆ ಜಾತ್ರೆ ಒಯ್ದು ಹೆಸರಾಗಿದ್ದಾರೆ. ತೊಗರಿ ವ್ಯಾಪಾರದ ಮನೆಯ ಮಗು ನವಣೆ, ಸಾವೆಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಅದೂ ಮನರಂಜನೆಯೇ.

ಊರಿನಲ್ಲಿಯೇ ಒಂದು ಜಾಗ ಬೇಕೆಂದರೆ ನಾವೇ ಮಾಡಬೇಕು. ಮದುವೆಯ ಒಂದು ರಾತ್ರಿಯ ದೀಪಾಲಂಕಾರದ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೂ ಬಸದಿಯ ಅಥವಾ ಸಮಾಜದ ಅಂಗಳದಲ್ಲಿ ಉಯ್ಯಾಲೆ, ಕೇರಂ, ಚದುರಂಗ, ಒಂದು ಸಣ್ಣ ಪುಸ್ತಕದ ಕಪಾಟು ಬಂದೀತು. ಮೂರೂ ಊರಿನ ಹಿರಿಯರು ಬರುವ ಬೇಸಿಗೆ ರಜೆಗೆ ಮೊದಲು ಒಂದು ದಿನ ಕೂಡಿ ಇದರ ಅಂದಾಜು ಮಾಡಲಿ. ಮಕ್ಕಳಿಗೆ ‘ಅಲ್ಲಿಗೆ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ‘ಇಲ್ಲಿಗೆ ಬಾ’ ಎನ್ನಲು ನಮ್ಮಲ್ಲಿ ಒಂದು ಅಂಗಳವಿರಬೇಕು.