ಕಿಱುಕುಳವೂ ಗೇರುಬೀಜದ ಬಿಲ್ಲೂ

ಶಾಸನದಲ್ಲಿ ‘ಕಿಱುಕುಳ’ ಅನ್ನುವ ಪದ ಸಿಕ್ಕರೆ ಹೊಸ ಓದುಗರು ನಗ್ತಾರೆ. ಅಲ್ಲಿ ಅದು ಹಿಂಸೆ ಅಲ್ಲ, ಚಿಲ್ಲರೆ ಬಾಬುಗಳ ಮೇಲಿನ ಸಣ್ಣ ಸುಂಕ. ‘ಪೆರ್ಜುಂಕ’ ಅಂದ್ರೆ ಹೆಜ್ಜುಂಕ, ಹೇರುಗಟ್ಟಲೆ ಸಾಗುವ ಸರಕಿನದು. ವಿಜಯನಗರ ಕಾಲದಲ್ಲಿ ಸ್ಥಳಾದಾಯ, ಮಾರ್ಗಾದಾಯ, ಮಾಮೂಲಾದಾಯ ಅಂತ ಮೂರು ಬಗೆ ಕಾಣ್ತವೆ: ಊರಿಗೆ ಮಾರಾಟಕ್ಕೆ ಬಂದ ಸರಕು, ಊರು ಹಾದುಹೋಗುವ ಸರಕು, ಪರದೇಶಕ್ಕೆ ಹೋಗುವ ಸರಕು. ಹಾಗಾಗಿ ಸುಂಕದ ಪದ ಕಂಡಾಗಲೆಲ್ಲ ನಾನು ಕೇಳಿಕೊಳ್ಳುವುದು ಒಂದೇ: ಇದು ಯಾವ ಹಂತದಲ್ಲಿ ಬಿತ್ತು, ಕಟ್ಟಿದ್ದು ಯಾರು?

ಕಾರ್ಕಳದ ಬಳಿ ಸಣ್ಣ ಗೇರುಬೀಜದ ಕಾರ್ಖಾನೆ ನಡೆಸುವ ನಮ್ಮ ಭಾವ ಇದೇ ಪ್ರಶ್ನೆ ತಂದರು. “ಕಲ್ಲಿನ ಮೇಲಿನ ತೆರಿಗೆ ಓದ್ತಿಯಲ್ಲ ಮಾರಾಯ, ನನ್ನ ನೋಟಿಸು ಒಮ್ಮೆ ಓದು ನೋಡುವ” ಅಂದರು. ಕಾಪು ಕಡೆಯ ರೈತರಿಂದ ನೇರ ಕೊಂಡ ಬೀಜಕ್ಕೆ ತೆರಿಗೆ ಕಟ್ಟಿರಲಿಲ್ಲ. “ರೈತ ಜಿಎಸ್‌ಟಿ ಹಾಕಲೇ ಇಲ್ಲ, ನಾನೇಕೆ ಕಟ್ಟಬೇಕು?” ಅನ್ನೋದು ಅವರ ವಾದ.

ಒಂದೇ ಬೀಜ ಮೂರು ಬಾಗಿಲಿಂದ ಬರ್ತದೆ. ನೋಂದಾಯಿತ ವ್ಯಾಪಾರಿಯಿಂದ ಕೊಂಡರೆ ತೆರಿಗೆ ಅವನ ಬಿಲ್ಲಿನಲ್ಲೇ ಇರ್ತದೆ. ಆಫ್ರಿಕಾದಿಂದ ಹಡಗಿನಲ್ಲಿ ಬಂದರೆ ಬಂದರಿನಲ್ಲೇ ಐಜಿಎಸ್‌ಟಿ. ರೈತನಿಂದ ಸಿಪ್ಪೆ ಸಮೇತ ಕೊಂಡರೆ ಮಾತ್ರ ವ್ಯವಹಾರ ತಿರುಗಿ ಬೀಳ್ತದೆ: ಕೊಂಡ ನೋಂದಾಯಿತ ವ್ಯಾಪಾರಿಯೇ ಕಟ್ಟಬೇಕು. ಇದಕ್ಕೆ ‘ರಿವರ್ಸ್ ಚಾರ್ಜ್’ ಅಂತ ಹೆಸರು. 2017ರ ಅಧಿಸೂಚನೆಯ ಪಟ್ಟಿಯಲ್ಲಿ ಸಿಪ್ಪೆ ಸುಲಿಯದ ಗೇರುಬೀಜ ಇದೆ.

ಲೆಕ್ಕ ನೋಡಿ. ರೈತನಿಂದ ₹1,00,000ದ ಬೀಜ ಕೊಂಡರೆ ಶೇ 5ರಂತೆ ₹5,000. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ರೈತ ಬಿಲ್ಲು ಕೊಡದ ಕಾರಣ ಭಾವನೇ ತಮ್ಮ ಹೆಸರಿಗೆ ಖರೀದಿ ಬಿಲ್ಲು ಬರೆದುಕೊಳ್ಳಬೇಕು. ಈ ಮೊತ್ತವನ್ನು ಹಳೆಯ ಜಮೆಯಲ್ಲಿ ವಜಾ ಮಾಡಲಾಗದು, ನಗದಾಗಿಯೇ ಕಟ್ಟಬೇಕು. ಕಟ್ಟಿದ ಮೇಲೆ ಅದೇ ₹5,000 ಜಮೆಯಾಗಿ ಸಿಗ್ತದೆ. ತಿರುಳು ಮಾರುವಾಗ ತೆರಿಗೆಯಲ್ಲಿ ಕಳೆದುಕೊಳ್ಳಬಹುದು.

ಎರಡು ಕಡೆ ಜಮೆ ಇಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿ ಇರುವವರು ಈ ತೆರಿಗೆ ಕಟ್ಟಲೇಬೇಕು, ವಾಪಸು ಮಾತ್ರ ಇಲ್ಲ. ಕಾರ್ಖಾನೆ ಹೆಸರಲ್ಲಿ ಕೊಂಡದ್ದು ಮನೆ ಬಳಕೆಗೆ ಹೋದರೂ ಅಷ್ಟೇ. ಬಿಲ್ಲಿನಲ್ಲಿ ಯಾರ ಹೆಸರಿದ್ದರೂ ಬಳಕೆ ಎಲ್ಲಿ ಅನ್ನೋದೇ ಮುಖ್ಯ.

ಭಾವನಿಗೆ ಅಸಲು ತೆರಿಗೆಗಿಂತ ನೋವು ಕೊಟ್ಟದ್ದು ತಡಕ್ಕೆ ಬಿದ್ದ ವರ್ಷಕ್ಕೆ ಶೇ 18ರ ಬಡ್ಡಿ. ಅದಕ್ಕೆ ಜಮೆ ಇಲ್ಲ. ಅದನ್ನು ಕಂಡು ಅವರು, “ಹಾಗಾದರೆ ನಿನ್ನ ಕಿಱುಕುಳಕ್ಕೆ ಈಗಿನ ಅರ್ಥವೇ ಸರಿ” ಅಂದರು.

ನಾನು ನಕ್ಕೆ. ಮುಂದಿನ ಹಂಗಾಮಿಗೆ ಮೂರು ಬಾಗಿಲಿಗೂ ಮೂರು ಪುಸ್ತಕ ಇಡಿ ಅಂದೆ, ಇಟ್ಟಿದ್ದಾರೆ.